ಹಳೇ ಲ್ಯಾಪ್‌ಟಾಪಿಗೆ ಮೂರು ಪರೀಕ್ಷೆ

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ನಮ್ಮ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್, ಇವೆಲ್ಲ ಹೊಸದಾಗಿದ್ದಾಗ ದುಬಾರಿ ಯಂತ್ರಗಳು. ತಾತ ಅಜ್ಜಿ ಪಿಂಚಣಿ ದುಡ್ಡಿನಲ್ಲಿ ಮೊಮ್ಮಕ್ಕಳ ಓದಿಗೆ ಇಂಥದೊಂದು ಕೊಳ್ಳುವುದಾದರೆ ಹೊಳಪು ನೋಡಿ ಮರುಳಾಗಬಾರದು. ಮೂರು ಪರೀಕ್ಷೆ ಮಾಡಲೇಬೇಕು.

ಮೊದಲನೆಯದು ಕೀಬೋರ್ಡು. ಥಿಂಕ್‌ಪ್ಯಾಡ್ ಇದಕ್ಕೇ ಹೆಸರುವಾಸಿ. 2011ರ ಟಿ420ರಲ್ಲಿ ಏಳು ಸಾಲು ಕೀಲಿಗಳಿದ್ದವು. 2012ರ ಟಿ430ರಲ್ಲಿ ಆರು ಸಾಲಾಯಿತು. ಹಳಬರು ಗೊಣಗಿದರು. ಆದರೂ ಒತ್ತಿದ್ದು ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಅಂಗಡಿಯಲ್ಲೇ ಒಂದೊಂದು ಕೀಲಿಯನ್ನೂ ಒತ್ತಿ ನೋಡಿ. ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸದಂತೆ, ‘ಅಮ್ಮ’ ಎಂದು ಬರೆಯಲು ಎ, ಎಂ, ಎಫ್, ಎಂ ಒತ್ತಬೇಕು. ಎಫ್ ಕೆಟ್ಟಿದ್ದರೆ ಒತ್ತಕ್ಷರವೇ ಮೂಡದು. ಅಮ್ಮ ‘ಅಮಮ’ ಆಗಿಬಿಡುತ್ತಾಳೆ!

ಎರಡನೆಯದು ಪರದೆ. ಒಂದೇ ಮಾದರಿಯಲ್ಲಿ ಎರಡು ಬಗೆಯ ಪರದೆ ಬಂದಿರುತ್ತದೆ; ಹೊರಗಿನಿಂದ ಗೊತ್ತಾಗದು. 1366 × 768 ಎಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕಿಗಳು. 1920 × 1080 ಎಂದರೆ ಇಪ್ಪತ್ತು ಲಕ್ಷ ಮೀರುತ್ತದೆ. ಕನ್ನಡದ ಪುಟ್ಟ ಒತ್ತಕ್ಷರಗಳು ಸ್ಪಷ್ಟವಾಗಿ ಕಾಣಲು ಎರಡನೆಯದೇ ವಾಸಿ. ಐಪಿಎಸ್ ಪರದೆಯಾದರೆ ಪಕ್ಕದಲ್ಲಿ ಕೂತ ಅಜ್ಜಿಗೂ ಬಣ್ಣ ಮಾಸದೆ ಕಾಣುತ್ತದೆ.

ಮೂರನೆಯದು ಪ್ರೊಸೆಸರ್. ಟಿ470, ಟಿ480 ನೋಡಲು ಅವಳಿಗಳಂತಿವೆ. ಒಳಗೆ ಐ5-7300ಯು ಇದ್ದರೆ ಎರಡು ಕೋರ್; ಐ5-8250ಯು ಇದ್ದರೆ ನಾಲ್ಕು. ಅಡ್ಡಗೆರೆಯ ಮುಂದಿನ ಮೊದಲ ಅಂಕಿಯೇ ಅದರ ತಲೆಮಾರು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರಾದರೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪಿಂಚಣಿ ಖಾತೆ ತೆರೆಯುವ ಯಂತ್ರಕ್ಕೆ ಸುರಕ್ಷತೆಯ ಅಪ್‌ಡೇಟ್ ಬಾರದಿದ್ದರೆ, ಬೀರುವಿದ್ದೂ ಬೀಗವಿಲ್ಲದಂತೆ.

ನನ್ನ ಲೆಕ್ಕ ಹೀಗಿದೆ. 2018ರ ಟಿ480, ಲ್ಯಾಟಿಟ್ಯೂಡ್ 7490, ಎಲೀಟ್‌ಬುಕ್ 840 ಜಿ5, ಇವುಗಳಲ್ಲಿ 8ನೇ ತಲೆಮಾರಿನದು ಒಳ್ಳೆಯ ಪರದೆಯೊಂದಿಗೆ ಸಿಕ್ಕರೆ ಕೊಳ್ಳಬಹುದು. ಮೂರರಲ್ಲೂ ಮೆಮೊರಿ ಆಮೇಲೆ ಹೆಚ್ಚಿಸಬಹುದು. ಎಕ್ಸ್1 ಕಾರ್ಬನ್ ಹಗುರ, ಅಂದ. ಆದರೆ ಅದರ ಮೆಮೊರಿ ಬೋರ್ಡಿಗೇ ಬೆಸೆದಿರುತ್ತದೆ. ಟಿ420ಯಂಥ ಹಿರಿಯ ಮನೆಯಲ್ಲೇ ಇದ್ದರೆ ಎಸೆಯಬೇಡಿ. ಲಿನಕ್ಸ್ ಹಾಕಿದರೆ ಬರವಣಿಗೆಗೆ ಸಾಕು.

ಮಕ್ಕಳೇ, ಎರಡೂ ಪರದೆಗಳ ಚುಕ್ಕಿಗಳನ್ನು ಕ್ಯಾಲ್ಕುಲೇಟರ್ ಮುಟ್ಟದೆ ಗುಣಿಸಿ, ತಾತನಿಗೆ ತೋರಿಸಿ.