ಬದನಿಕಾಯಿದು ತಪ್ಪಿಲ್ರಿ, ದಾಡಿ ಮಾಡೂದ ತಪ್ಪೇತಿ

ಗಂಡಸರ ಗಲ್ಲದ ಮ್ಯಾಲ ಗುಳ್ಳಿ ಎದ್ದೂ ಅಂದ್ರ ನಮ್ಮ ಕಡೆ ತಪ್ಪು ಎಲ್ಲಿಗೆ ಬರತೈತಿ ಹೇಳ್ರಿ? ಸೀದಾ ಅಡಗಿ ಮನಿಗೆ. "ಬದನಿಕಾಯಿ ನಂಜ ಅಲ್ಲೇನ, ಮತ್ಯಾಕ ಮಾಡಿದಿ?" "ಶೇಂಗಾ ಹಿಂಡಿ ಉಷ್ಣ ಆಗೇತಿ." "ಖಾರ ಕಡಿಮಿ ಹಾಕು ಅಂದ್ರ ಕೇಳಂಗಿಲ್ಲ." ಇಂಡಿಯಿಂದ ಹಿಡದು ಮುದ್ದೇಬಿಹಾಳದ ತನಕಾ ಯಾವ ಮನಿಗೆ ಹೋದ್ರೂ ಇದ ಮಾತು. ಅತ್ತಿ ಅಂತಾಳ, ಗಂಡ ಅಂತಾನ, ಈಗ ಹದಿನೆಂಟು ವರ್ಷದ ಮಗಾನೂ ಅನ್ನಾಕ ಹತ್ತ್ಯಾನ.

ಅಕ್ಕಾರ, ಒಂದ ಸಲ ಕಣ್ಣ ತಗದು ಆ ಗುಳ್ಳಿ ನೋಡ್ರಿ. ಹಣಿ ಮ್ಯಾಲ ಅದಾವೇನು? ಇಲ್ಲ. ಮೂಗಿನ ಮ್ಯಾಲ? ಇಲ್ಲ. ದಾಡಿ ಮಾಡಿದ ಜಾಗದಾಗ ಅಷ್ಟ ಅದಾವು, ಅದರಾಗೂ ಗದ್ದದ ಕೆಳಗ, ಕುತ್ತಿಗಿ ಮ್ಯಾಲ ಜಾಸ್ತಿ. ದಾಡಿ ಎಲ್ಲಿ ಸುರು ಆಗತೈತಿ, ಎಲ್ಲಿ ಮುಗಿತೈತಿ ಅಂತ ಬದನಿಕಾಯಿಗೆ ಹೆಂಗ ಗೊತ್ತಾಗಬೇಕ್ರಿ?

"ಗಂಡಸರ ದಾಡಿ ವಿಚಾರ ನಮಗ್ಯಾಕ ಬೇಕು" ಅಂತ ಕೆಲವರು ಅಂತೀರಿ, ನನಗ ಗೊತ್ತೈತಿ. ನೀರು ಕಾಸಿ ಕೊಡಾವ್ರು ನಾವು. ತಲಿದಿಂಬಿನ ಚೀಲಕ್ಕ ಹತ್ತಿದ ರಗತದ ಕಲಿ ತಿಕ್ಕಾವ್ರು ನಾವು. ಅಡಗಿಗೆ ಬೈಸಿಕೊಳ್ಳಾವ್ರೂ ನಾವು. ಕಡೀಕ ಆ ಗುಳ್ಳಿಗೆ ಅಂತ ನಮ್ಮ ಕಪಾಟಿನ್ಯಾಗಿನ ಮುಲಾಮು ತಗದು ಕೊಡಾವ್ರೂ ನಾವು, ಅದರ ಮಾತು ಮುಂದ ಹೇಳತೀನಿ. ಇಷ್ಟೆಲ್ಲಾ ನಮ್ಮ ಪಾಲಿಗೆ ಬಂದ ಮ್ಯಾಲ ದಾಡಿ ವಿಚಾರ ಮಾತ್ರ ಅವರದು ಹೆಂಗ ಆತು?

ಗುಳ್ಳಿ ಯಾಕ ಏಳತಾವು ಅನ್ನೂದು ಹೊಲದಾಗ ಅಡ್ಡಾಡಿದವರಿಗೆ ಲಗೂನ ತಿಳಿತೈತಿ. ಕುಡಗೋಲಿನಿಂದ ಓರೆ ಕೊಯ್ದ ಜ್ವಾಳದ ಕೂಳಿ ಬರಿಗಾಲಿಗೆ ಹೆಂಗ ಚುಚ್ಚತೈತಿ? ಕೂದಲನೂ ಹಂಗ. ದಪ್ಪ ಕೂದಲು, ಅದೂ ಒಂಚೂರು ಗುಂಗುರು ಇದ್ರ, ಬ್ಲೇಡಿನಿಂದ ಓರೆ ಕತ್ತರಿಸಿದಾಗ ಅದಕ್ಕ ಸೂಜಿ ಹಂಗ ಮೊನಿ ಬರತೈತಿ. ಆ ಕೂದಲು ಬೆಳಕೋತ ಬಗ್ಗಿ, ತಿರಗಿ ತನ್ನ ಚರ್ಮಕ್ಕ ತಾನ ಚುಚ್ಚತೈತಿ. ಇಲ್ಲಾಂದ್ರ ಹೊರಗ ಬರಾಕ ಆಗದ ಚರ್ಮದ ಒಳಗ ಸುತ್ತಿಕೋತೈತಿ. ಮೈಗೆ ಅದು ಮುಳ್ಳ ಇದ್ದಂಗ. ಮುಳ್ಳ ನಟ್ಟಲ್ಲಿ ಬಾವು ಬರತೈತಿ, ಕೀವು ಆಗತೈತಿ, ಮಾಯದ ಮ್ಯಾಲ ಕರಿ ಕಲಿ ಉಳಿತೈತಿ. ಇದು ನಂಜೂ ಅಲ್ಲ, ಉಷ್ಣಾನೂ ಅಲ್ಲ. ಎಷ್ಟ ನುಣ್ಣಗ ಬೋಳಿಸತಾರೋ ಅಷ್ಟ ಜಾಸ್ತಿ ಆಗತೈತಿ. ಇದೊಂದ ಮಾತು ಗಂಡಸರ ತಲ್ಯಾಗ ಹೋದ್ರ ಅರ್ಧ ತ್ರಾಸ ಹೋದಂಗ.

ಆದ್ರ ಟೀವಿ ಏನ ಹೇಳತೈತಿ? ಎರಡ ಬ್ಲೇಡು, ಮೂರ ಬ್ಲೇಡು, ಐದ ಬ್ಲೇಡು. ಜಿಲೆಟ್ ಕಂಪನಿ 1971ರಾಗ ಎರಡ ಬ್ಲೇಡಿಂದು ತಂತು, 1998ರಾಗ ಮೂರಿಂದು, 2006ರಾಗ ಐದರದ್ದು. ಅದರ ಕೆಲಸ ಹೆಂಗ ಅಂದ್ರ ಮೊದಲನೇ ಬ್ಲೇಡು ಕೂದಲ ಎಳದು ಎತ್ತತೈತಿ, ಅದು ಒಳಗ ಸರಿಯೂದರಾಗ ಹಿಂದಿನ ಬ್ಲೇಡು ಇನ್ನೂ ಕೆಳಗ ಕತ್ತರಿಸತೈತಿ. ತೆಳು ಕೂದಲಿದ್ದವರಿಗೆ ಇದು ಚಲೋನ ಇರಬಹುದು. ನಮ್ಮ ಗಂಡಸರ ಕಸಬರಿಗಿಯಂಥಾ ದಾಡಿಗೆ? ಚರ್ಮದ ಕೆಳಗ ಹೋದ ದಪ್ಪ ಕೂದಲು ಮ್ಯಾಲ ಬರೂದು ಹೆಂಗ? ಸಾವಿರ ರೂಪಾಯಿದಾಗ ಅರ್ಧ ಈ ಬ್ಲೇಡಿಗೆ ಹಾಕಿ, ಉಳದ ಅರ್ಧ ಗುಳ್ಳಿಗೆ ಹಾಕೂದು. ಇದ್ಯಾವ ಲೆಕ್ಕಾ?

ಆ ಕಂಪನಿದ ಒಂದು ಕಥಿ ಐತಿ, ಹೇಳಲೇಬೇಕು. 2000ರ ನಂತರ ನಮ್ಮ ದೇಶದವರಿಗಂತ ಒಂದು ರೇಜರ್ ಮಾಡಿದ್ರು. ಪರೀಕ್ಷಾ ಎಲ್ಲಿ ಮಾಡಿದ್ರು? ಅಮೇರಿಕಾದ ಎಂಐಟಿ ಕಾಲೇಜಿನ್ಯಾಗ ಓದೂ ಭಾರತದ ಹುಡುಗರ ಮ್ಯಾಲ. ಅವರೆಲ್ಲಾ ಬಾಳ ಚಲೋ ಐತಿ ಅಂದ್ರು. ಇಲ್ಲಿ ತಂದು ಮಾರಿದ್ರ ಯಾರೂ ಮೆಚ್ಚಲಿಲ್ಲ. ಯಾಕ ಅಂದ್ರ ಆ ಹುಡುಗರಿಗೆ ನಳದ ನೀರು ಹರಿತಿತ್ತು, ಇಲ್ಲಿ ಗಂಡಸರು ಒಂದು ಬಟ್ಟಲ ನೀರ ಇಟಕೊಂಡು ದಾಡಿ ಮಾಡಕೋತಿದ್ರು. ಬ್ಲೇಡಿನ ಸಂದ್ಯಾಗ ಕೂದಲ ಸಿಕ್ಕೊಂಡು ಹೋಗತಿರಲಿಲ್ಲ. ಆಮ್ಯಾಲ ಅವರು ಇಲ್ಲಿಗೆ ಬಂದು ಸಾವಿರಕ್ಕೂ ಹೆಚ್ಚು ಮಂದಿ ದಾಡಿ ಮಾಡಕೊಳ್ಳೂದು ನೋಡಿ, 2010ರಾಗ ಒಂದ ಬ್ಲೇಡಿನ ರೇಜರ್ ತಂದ್ರು. ಹಿಡಕಿಗೆ 15 ರೂಪಾಯಿ, ಬ್ಲೇಡಿಗೆ 5. ಇಲ್ಲಿ ಗಂಡಸರಿಗೆ ನುಣ್ಣಗ ಆಗೂದಕ್ಕಿಂತ ಮಾರಿ ಕೊಯ್ಯಲಾರದ ಇರೂದ ಮುಖ್ಯ ಅಂತ ಅವರಿಗೇ ತಿಳೀತು. ನಮ್ಮ ಮನಿಯವರಿಗೆ ಇನ್ನೂ ತಿಳಿವಲ್ತು!

ನೀರಿನ ಮಾತು ಬಂತು. ಇದು ನಮಗ ಬಿಟ್ಟು ಯಾರಿಗೆ ಗೊತ್ತಿರಬೇಕು? ಸವಳ ಬೋರಿನ ನೀರಾಗ ತೊಗರಿ ಬ್ಯಾಳಿ ಎಷ್ಟ ಕುದಿಸಿದ್ರೂ ಬೇಯಂಗಿಲ್ಲ. ಅರಬಿಗೆ ಎಷ್ಟ ಸಾಬಾಣ ಹಚ್ಚಿದ್ರೂ ಬುರುಗ ಬರಂಗಿಲ್ಲ, ಬುಟ್ಟಿಗೆ ಬಿಳಿ ಕೆನಿ ಕಟ್ಟತೈತಿ. ನೀರಿನ್ಯಾಗ ಸುಣ್ಣದ ಅಂಶ ಜಾಸ್ತಿ ಇದ್ದಾಗ ಸಾಬಾಣ ಅದರ ಕೂಡ ಸೇರಿ ಹೆಪ್ಪ ಆಗತೈತಿ, ಬುರುಗ ಆಗಾಕ ಉಳಿಯಂಗಿಲ್ಲ. ಅದ ನೀರು, ಅದ ಸಾಬಾಣ, ಮಾರಿ ಮ್ಯಾಲ ಹಚ್ಚಿದ್ರ ಬ್ಯಾರೆ ಆಗತೈತೇನು? ಬುರುಗು ಅನ್ನೂದು ಬ್ಲೇಡಿಗೂ ಚರ್ಮಕ್ಕೂ ನಡುವ ಹಾಸಿಗಿ ಇದ್ದಂಗ. ಅದು ತೆಳುವಾದ್ರ ಬ್ಲೇಡು ಚರ್ಮಾನ ಕೆರಿತೈತಿ. ಕುಡಿಯಾಕ ತಂದ ಫಿಲ್ಟರ್ ನೀರಿನ್ಯಾಗ ಒಂದು ತಂಬಗಿ ದಾಡಿಗೆ ಕೊಡ್ರಿ. "ದಾಡಿಗೆ ಕುಡಿಯೂ ನೀರೇನ?" ಅಂತ ಬಾಯಿ ಮಾಡಿದ್ರ, ಮುಲಾಮಿನ ಬಿಲ್ಲ ತೋರಸ್ರಿ. ಮಳಿಗಾಲದಾಗ ಮಾಳಿಗಿ ನೀರು ಹಿಡದಿಟ್ರ ಅದಂತೂ ಬೆಣ್ಣಿ.

ಇನ್ನ ಅವಸರ. ಬಸ್ಸಿಗೆ ಹೊತ್ತಾತು ಅಂತ ಒಣ ಮಾರಿಗೆ ಒಂದೀಟ ನೀರ ಸವರಿ, ಡಬ್ಬಿ ಫೋಮ್ ಹಚ್ಚಿ, ಗದ್ದದ ಕೆಳಗಿಂದ ಉಲ್ಟಾ ಎಳಿಯೂದು. ಒಣ ಕೂದಲ ಎಂಥಾ ಗಟ್ಟಿ ಇರತೈತಿ ಗೊತ್ತೇನ್ರಿ? ಉಕ್ಕು ಕೂದಲಕ್ಕಿಂತ ಸುಮಾರು 50 ಪಟ್ಟು ಗಟ್ಟಿ. ಆದ್ರೂ ದಾಡಿ ಮಾಡಿ ಮಾಡಿ ಬ್ಲೇಡಿನ ಬಾಯಿ ಮುರಿತೈತಿ. ಅದ ಎಂಐಟಿಯವರು 2020ರಾಗ ಸೂಕ್ಷ್ಮದರ್ಶಕ ಹಿಡದು ನೋಡಿ, ಕೂದಲ ಓರೆ ತಾಕಿದಾಗ ಬ್ಲೇಡಿನ ಅಂಚು ಚೂರು ಚೂರು ಕಿತ್ತು ಹೋಗೂದು ತೋರಿಸಿದ್ರು. ಅಂಥಾ ಹಲ್ಲಮುರಕ ಬ್ಲೇಡು ತಿಂಗಳಗಟ್ಟಲೆ ಎಳದ್ರ ಚರ್ಮ ಏನಾದೀತು? ಬಿಸಿ ನೀರಾಗ ಎರಡ-ಮೂರ ನಿಮಿಷ ನೆನದ್ರ ಕೂದಲ ನೀರ ಕುಡದು ಮೆತ್ತಗಾಗತೈತಿ. ಕಡ್ಲಿ ನೆನಸಲಾರದ ಕುದಿಸಾಕ ಇಡತೀವೇನು ನಾವು?

ಇದನ್ನ ನಮ್ಮ ಹಡಪದ ಅಣ್ಣಾರು ತಲಿತಲಾಂತರದಿಂದ ಬಲ್ಲವರು. ಹಳಬರನ್ನ ಕೇಳ್ರಿ. ವರ್ಷಕ್ಕೊಮ್ಮಿ ರಾಶಿ ಮುಂದ ಆಯದ ಜ್ವಾಳ ತಗೊಂಡು, ವಾರಕ್ಕೊಮ್ಮಿ ಮನಿಗೆ ಬರತಿದ್ರು. ಕಟ್ಟಿಮ್ಯಾಲ ಕುಂಡ್ರಿಸಿ, ಮೊದಲ ಬರೇ ನೀರ ಹಚ್ಚಿ ಬಟ್ಟಿನಿಂದ ಗಲ್ಲಾ ತಿಕ್ಕತಿದ್ರು, ಹೊಲದ ಸುದ್ದಿ, ಊರ ಸುದ್ದಿ ಎಲ್ಲಾ ಮುಗಿಯೂತನಕಾ ತಿಕ್ಕತಿದ್ರು. ಆ ಸುದ್ದಿ ಹೇಳೂ ಹೊತ್ತಿನ್ಯಾಗ ಕೂದಲ ನೆನಿತಿತ್ತು. ಮಂದಿ ಅದನ್ನ ಹರಟಿ ಅಂದ್ರು. ಬಸವನ ಬಾಗೇವಾಡಿಯೊಳಗ ಹುಟ್ಟಿದ ಬಸವಣ್ಣನವರು ಕಲ್ಯಾಣದಾಗ ಹಡಪದ ಅಪ್ಪಣ್ಣನವರನ್ನ ತಮ್ಮ ಬಗಲಾಗ ಇಟಕೊಂಡ್ರು. ಅಪ್ಪಣ್ಣನವರ ಹೆಂಡತಿ ಲಿಂಗಮ್ಮ ವಚನ ಬರದಾಕಿ. ಅಪ್ಪಣ್ಣನವರ ಪೀಠ ಇವತ್ತಿಗೂ ನಮ್ಮ ಮುದ್ದೇಬಿಹಾಳ ತಾಲೂಕಿನ ತಂಗಡಗಿಯೊಳಗ ಐತಿ. ಇಷ್ಟಿದ್ರೂ ನಮ್ಮ ಮಂದಿ ಬಾಯಾಗ ಆ ಕಸಬಿನ ಹೆಸರು ಬೈಗಳಾಗೇತಿ. ಬೈಯೂದು ಅವರನ್ನ, ಮಾರಿ ಒಡ್ಡೂದೂ ಅವರಿಗೇ.

ಹಂಗಂತ ಹಳೇದೆಲ್ಲಾ ಬಂಗಾರ ಅಂತ ನಾ ಹೇಳಾಕಿ ಅಲ್ಲ. ಊರಾಗ ಆ ಕತ್ತಿ ಎಲ್ಲಾರ ಗಲ್ಲಕ್ಕೂ ಏರತಿರಲಿಲ್ಲ, ಕೆಳಗೇರಿಯವರು ದೂರದ ಸಂತಿಗೆ ಹೋಗಿ ಮಾಡಿಸಿಕೋಬೇಕಾಗಿತ್ತು. ಮತ್ತ ಏರಿದಲ್ಲಿ ಒಂದ ಕತ್ತಿ ಹತ್ತು ಮಂದಿಗೆ. ರಗತ ಹತ್ತಿದ ಕತ್ತಿಯಿಂದ ಹೆಪಟೈಟಿಸ್ ಬಿ, ಸಿ ಹರಡತಾವು, ಲಿವರ್ ತಿಂತಾವು. ಅದಕ್ಕ ಇವತ್ತ ಅಂಗಡಿಗೆ ಹೋದ್ರ ಹೊಸ ಬ್ಲೇಡ ಕಣ್ಣ ಮುಂದ ಮುರದು ಹಾಕಸ್ರಿ ಅಂತ ಹೇಳಿ ಕಳಸ್ರಿ. ಮನ್ಯಾಗ ಅಪ್ಪಾ ಮಗಾ ಒಂದ ರೇಜರ್ ಹಿಡಿಯೂದೂ ಬ್ಯಾಡ.

ಅವಸರದವರಿಗೆ ಇಷ್ಟ ಹೇಳ್ರಿ. ಜಳಕ ಆದ ಮ್ಯಾಲ ದಾಡಿ, ಮೊದಲಲ್ಲ. ಬ್ರಶ್ಶಿನಿಂದ ಸಾಬಾಣ ಬುರುಗ ಬರೂತನಕಾ ತಿಕ್ಕಬೇಕು. ಒಂದ ಬ್ಲೇಡಿನ ರೇಜರ್ ಸಾಕು, ಹಳೇ ಕಾಲದ ಬ್ಲೇಡು ಹಾಕೂ ಸೇಫ್ಟಿ ರೇಜರ್ ಇದ್ರ ಇನ್ನೂ ಚಲೋ, ಬ್ಲೇಡು ಹಗೂರ. ಐದಾರು ದಾಡಿಗೆ ಬ್ಲೇಡ ಬದಲಿ. ಒತ್ತಬಾರದು, ಚರ್ಮ ಜಗ್ಗಿ ಹಿಡಿಬಾರದು, ಕೂದಲ ಬೆಳಿಯೂ ದಿಕ್ಕಿಗೆ ಒಂದ ಸಲ ಎಳದು ಬಿಡಬೇಕು. ಕುತ್ತಿಗಿ ಮ್ಯಾಲ ಕೂದಲ ಒಂದೊಂದ ಕಡೆ ಒಂದೊಂದ ದಿಕ್ಕಿಗೆ ಬೆಳಿತಾವು. ಎರಡ ದಿನದ ದಾಡಿ ಮ್ಯಾಲ ಬಟ್ಟ ಆಡಿಸಿದ್ರ ಗೊತ್ತಾಗತೈತಿ, ಒರಟ ಹತ್ತಿದ್ರ ಅದು ಉಲ್ಟಾ ದಿಕ್ಕು. ಕೈಗೆ ಚೂರು ಗರಗರ ಹತ್ತಿದ್ರ ಹತ್ತಲಿ.

ಈಗ ಮುಲಾಮಿನ ಮಾತು. ನನಗ ಸಿಟ್ಟು ಬಂದು ಇದನ್ನ ಬರಿಯಾಕ ಕುಂತದ್ದ ಇದಕ್ಕ. ಗುಳ್ಳಿಗೆ, ಉರಿಗೆ, ಕಲಿಗೆ, ಬಿಳಿ ಆಗಾಕ, ಗಜಕರ್ಣಕ್ಕ, ಎಲ್ಲಾದಕ್ಕೂ ಒಂದ ಟ್ಯೂಬು. ಔಷಧಿ ಅಂಗಡ್ಯಾಗ ಕೇಳಿದ ಕೂಡಲೇ ಕೊಡತಾರ. ಟ್ಯೂಬಿನ ಮ್ಯಾಲಿನ ಸಣ್ಣ ಅಕ್ಷರ ಓದ್ರಿ, ಇಲ್ಲಾ ಓದಿದ ಮಕ್ಕಳ ಕಡೆ ಓದಸ್ರಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ರ ಅದು ಸ್ಟಿರಾಯ್ಡ್. ಹಚ್ಚಿದ ಎರಡ ದಿನದಾಗ ಉರಿ ನಿಂತು, ಮಾರಿ ಬೆಳ್ಳಗ ಕಾಣತೈತಿ ಖರೇ. ತಿಂಗಳಗಟ್ಟಲೆ ಹಚ್ಚಿದ್ರ ಚರ್ಮ ಈರುಳ್ಳಿ ಸಿಪ್ಪಿ ಹಂಗ ತೆಳ್ಳಗಾಗಿ, ಕೆಂಪ ನರ ಕಾಣಾಕ ಹತ್ತಿ, ಹೊಸ ಗುಳ್ಳಿ ಎದ್ದು, ಬಿಟ್ಟ ಕೂಡಲೇ ಬೆಂಕಿ ಬಿದ್ದಂಗ ಆಗತೈತಿ. ಮತ್ತ ಹಚ್ಚಬೇಕು. ಅಂಥಾ ತೆಳು ಚರ್ಮದ ಮ್ಯಾಲ ದಿನಾ ಬ್ಲೇಡು! ನಮ್ಮ ದೇಶದ ಚರ್ಮದ ಡಾಕ್ಟರರು ಇದಕ್ಕ "ಸ್ಟಿರಾಯ್ಡಿನಿಂದ ಕೆಟ್ಟ ಮಾರಿ" ಅಂತನ ಹೆಸರು ಇಟ್ಟಾರ. 2018ರಾಗ ಸರ್ಕಾರ ಇಂಥಾ 14 ಸ್ಟಿರಾಯ್ಡ್ ಮುಲಾಮುಗಳನ್ನ ಡಾಕ್ಟರ್ ಚೀಟಿ ಇಲ್ಲದ ಮಾರಬಾರದು ಅಂತ ಕಾನೂನು ತಂತು. ಕಾನೂನು ಕಾಗದದಾಗ ಐತಿ, ಟ್ಯೂಬು ನಮ್ಮ ಕಪಾಟಿನ್ಯಾಗ ಐತಿ. ಬಾಳ ದಿನದಿಂದ ಹಚ್ಚಾವ್ರಿದ್ರ ಒಮ್ಮೆಲೇ ಬಿಡಬ್ಯಾಡ್ರಿ, ಚರ್ಮದ ಡಾಕ್ಟರ್ ಕಡೆ ಕರಕೊಂಡು ಹೋಗ್ರಿ, ಟ್ಯೂಬೂ ಕೈಯಾಗ ಹಿಡಕೊಂಡ ಹೋಗ್ರಿ.

ಇನ್ನೊಂದು, ನಿಂಬಿಹಣ್ಣು. ಇಂಡಿ ನಿಂಬಿಗೆ ಜಿಐ ಟ್ಯಾಗ್ ಸಿಕ್ಕೈತಿ, ನಮಗೆಲ್ಲಾ ಹೆಮ್ಮಿ. ಅದಕ್ಕಂತ ದಾಡಿ ಮಾಡಿದ ಹಸಿ ಮಾರಿಗೆ ಹಿಂಡಿ ತಿಕ್ಕೂದೇನ? ಗಾಯಕ್ಕ ಹುಳಿ ಬೀಳತೈತಿ, ಅದ ಮಾರಿ ಹೊತಗೊಂಡು ಬಿಸಲಾಗ ಹ್ವಾದ್ರ ಚರ್ಮ ಸುಟ್ಟು ಕರಿ ಕಲಿ ಬೀಳತೈತಿ. ನಿಂಬಿ ಹುಳಿಗೆ ಇಲ್ಲಿ ಚಲೋ ಕೆಲಸ ಬ್ಯಾರೆ ಐತಿ: ಸವಳ ನೀರಿನಿಂದ ರೇಜರಿಗೆ ಕಟ್ಟಿದ ಬಿಳಿ ಸುಣ್ಣ ಅದರಾಗ ನೆನಸಿದ್ರ ಬಿಡತೈತಿ. ನಿಂಬಿ ರೇಜರಿಗೆ, ತಣ್ಣೀರು ಮಾರಿಗೆ. ಪಟಿಕ ಹಚ್ಚೂದಿದ್ರ ಕೊಯ್ದಲ್ಲಿ ಅಷ್ಟ ತಾಕಸ್ರಿ, ಮಾರಿ ತುಂಬ ಬ್ಯಾಡ.

ಮತ್ತ ಈ "ನುಣ್ಣಗ" ಅನ್ನೂ ಹುಚ್ಚು ಯಾರ ಹಚ್ಚಿದ್ದು? ಕನ್ಯಾ ನೋಡಾಕ ಹೊಂಟ ಹುಡುಗಗ "ಎರಡ ಸಲ ಎಳಿ, ದಾಡಿ ಕರ್ರಗ ಕಾಣತೈತಿ" ಅನ್ನಾವ್ರು ಯಾರು? ತಾಯಂದಿರು, ಅತ್ತಿಗೋಳು, ಅಕ್ಕಂದಿರು. ಸೋಮವಾರ ಬ್ಯಾಡ, ಅಮಾಸಿಗೆ ಬ್ಯಾಡ, ಶ್ರಾವಣ ತಿಂಗಳಾನ ಬ್ಯಾಡ ಅಂತಿದ್ರು ಹಿರಿಯಾರು. ದೇವರ ಹೆಸರಿನ್ಯಾಗ ಚರ್ಮಕ್ಕ ಸೂಟಿ ಸಿಗತಿತ್ತು. ಈಗ ಆಫೀಸು, ಕಂಪನಿ ಅಂತ ದಿನಾ ದಾಡಿ. ಚರ್ಮ ತಾಳಲಿಲ್ಲಂದ್ರ ಮಶೀನ ಹಚ್ಚಿ ಎಳ್ಳಿನಷ್ಟು ಉಳಿಸಿ ಕತ್ತರಿಸಲಿ. ಹುಡುಗಗ ಕನ್ಯಾ ಸಿಗಲಿಲ್ಲಂದ್ರ ಅದಕ್ಕ ಕಾರಣ ದಾಡಿ ಆಗಿರಂಗಿಲ್ಲ ಬಿಡ್ರಿ.

ಕಡೀದು ನಮ್ಮ ನಮ್ಮೊಳಗಿನ ಮಾತು. ನಮ್ಮೊಳಗೂ ಗದ್ದಕ್ಕ ದಪ್ಪ ಕೂದಲ ಬರಾವ್ರು ಬಾಳ ಮಂದಿ ಅದೀವಿ, ಕೆಲವರಿಗೆ ಪಿಸಿಓಡಿ, ಕೆಲವರಿಗೆ ಮುಟ್ಟ ನಿಂತ ಮ್ಯಾಲ. ಬಚ್ಚಲದ ಬಾಗಲಾ ಹಾಕ್ಕೊಂಡು, ಗಂಡ ಒಗದ ಹಳೇ ಬ್ಲೇಡು ಹಿಡದು, ನೀರಿಲ್ಲದ ಸಾಬಾಣಿಲ್ಲದ ಕೆರಕೊಳ್ಳಾವ್ರು ಎಷ್ಟ ಮಂದಿ ಇದ್ದೀರಿ, ಕೈ ಎತ್ತೂದೇನ ಬ್ಯಾಡ. ಬೋಳಿಸಿದ್ರ ಕೂದಲ ದಪ್ಪ ಬರತಾವು ಅನ್ನೂದು ಸುಳ್ಳು. ಮಿಲ್ಡ್ರೆಡ್ ಟ್ರಾಟರ್ ಅನ್ನೂ ಹೆಣಮಗಳು 1928ರಾಗನ ಅಳದು ನೋಡಿ, ಹಂಗ ಆಗಂಗಿಲ್ಲ ಅಂತ ಬರದಾಳ. ಮೊಂಡ ತುದಿ ಕೈಗೆ ಒರಟ ಹತ್ತತೈತಿ, ಅಷ್ಟ. ಅದಕ್ಕ ನಿಮ್ಮ ಹೆಸರಿಲೇ ಬ್ಯಾರೆ ರೇಜರ್ ತಗೊಳ್ರಿ, ಬಿಸಿ ನೀರು ತಗೊಳ್ರಿ, ಬುರುಗ ಮಾಡ್ರಿ, ಕೂದಲ ಬೆಳಿಯೂ ದಿಕ್ಕಿಗೆ ಹಗೂರಕ ಎಳೀರಿ. ಒಮ್ಮಿಂದೊಮ್ಮೆಲೇ ಕೂದಲ ಜಾಸ್ತಿ ಆಗಿ ಮುಟ್ಟೂ ಏರುಪೇರು ಆಗಿದ್ರ ಡಾಕ್ಟರಿಗೆ ತೋರಸ್ರಿ. ಬಾಗಲಾ ಹಾಕ್ಕೊಳ್ಳೂದು ಬಿಡೂದು ನಿಮಗ ಬಿಟ್ಟದ್ದು.