‘ಸಾರಿ’ ಅಂದ ಮೇಲೆ ಏನು?

“ಸಾರಿ ಹೇಳು” ಎಂದು ದಿನಕ್ಕೆ ಎಷ್ಟು ಸಲ ಮಕ್ಕಳಿಗೆ ಹೇಳುತ್ತೀರಿ? ತಂಗಿಯ ಆಟಿಕೆ ಕಿತ್ತುಕೊಂಡಾಗ ಒಮ್ಮೆ, ಅಜ್ಜಿ ವಿಡಿಯೊ ಕಾಲ್‌ನಲ್ಲಿ ಮಾತಾಡಿಸುವಾಗ ಎದ್ದು ಹೋದಾಗ ಇನ್ನೊಮ್ಮೆ. ಮಗು ನೆಲ ನೋಡುತ್ತಾ “ಸಾರಿ” ಅನ್ನುತ್ತದೆ. ಐದು ನಿಮಿಷಕ್ಕೆ ಮತ್ತೆ ಅದೇ ಜಗಳ. ಮಾತು ಬಂತು, ಮನಸ್ಸು ಬರಲಿಲ್ಲ.

ಕ್ರೈಸ್ತ ಕುಟುಂಬಗಳಿಗೆ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ದಿನಗಳು ಈ ಮನಸ್ಸಿನ ಬಗ್ಗೆಯೇ ಯೋಚಿಸುವ ಕಾಲ. ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಕಥೋಲಿಕರು ಇದನ್ನು ತಪಸ್ಸುಕಾಲ ಅನ್ನುತ್ತಾರೆ, ಉಳಿದವರು ಹೆಚ್ಚಾಗಿ ಲೆಂಟ್ ಅಂದೇ ಅನ್ನುತ್ತಾರೆ. ಮಾಂಸ ಬಿಡುವುದು, ಚಾಕೊಲೇಟ್ ಬಿಡುವುದು, ಐಪ್ಯಾಡ್ ಕಡಿಮೆ ಮಾಡುವುದು ಮಕ್ಕಳ ಕಣ್ಣಿಗೆ ಬೀಳುತ್ತದೆ. ಆದರೆ ಬಿಡುವುದು ದಾರಿ ಮಾತ್ರ. ಹೋಗಿ ಸೇರಬೇಕಾದದ್ದು ಹೃದಯ ಹೊಸದಾಗುವಲ್ಲಿಗೆ. ಬೇರೆ ಮತದ ಓದುಗರೂ ಜೊತೆಗೆ ಬನ್ನಿ, ‘ಸಾರಿ’ಯ ತೊಂದರೆ ಎಲ್ಲ ಮನೆಗಳದ್ದೂ ಹೌದು.

ಹೃದಯ ಹೊಸದಾಗುವುದು ಅಂದರೇನು ಎಂದು ಏಳು ವರ್ಷದ ಮಗುವಿಗೆ ಹೇಗೆ ಹೇಳುತ್ತೀರಿ? ಇಲ್ಲಿ ಕನ್ನಡ ನಿಮ್ಮ ಕೈಹಿಡಿಯುತ್ತದೆ. ‘ಹಾರ್ಟ್’ ಅಂದರೆ ಇಲ್ಲಿನ ಮಕ್ಕಳಿಗೆ ಮೊದಲು ನೆನಪಾಗುವುದು ಕಾರ್ಡಿನ ಮೇಲಿನ ಕೆಂಪು ಚಿತ್ರ. ಬೈಬಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಹೃದಯಕ್ಕೆ ‘ಲೇವ್’ ಎಂಬ ಪದವಿದೆ. ಅದು ಬರಿ ಪ್ರೀತಿ ದುಃಖಗಳ ಜಾಗವಲ್ಲ, ಯೋಚಿಸುವ, ತೀರ್ಮಾನ ಮಾಡುವ ಜಾಗವೂ ಹೌದು. ನಮ್ಮ ‘ಮನಸ್ಸು’ ಇದಕ್ಕೆ ತೀರ ಹತ್ತಿರ. ‘ಮನಸ್ಸು ನೋಯಿತು’ ಅಂದರೆ ದುಃಖ, ‘ಮನಸ್ಸು ಮಾಡಿದೆ’ ಅಂದರೆ ತೀರ್ಮಾನ, ‘ಮನಸ್ಸಿಟ್ಟು ಓದು’ ಅಂದರೆ ಗಮನ. ಮೂರೂ ಒಂದೇ ಪದದಲ್ಲಿ ಸಿಕ್ಕಿಬಿಡುತ್ತವೆ.

ಪ್ರವಾದಿ ಯೆಹೆಜ್ಕೇಲನ ಗ್ರಂಥದ 36ನೇ ಅಧ್ಯಾಯದಲ್ಲಿ ದೇವರು ಜನರೊಳಗಿನ ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂದು ಮಾತು ಕೊಡುತ್ತಾನೆ. ಆ ಮಾತು ಕೇಳಿಸಿಕೊಂಡವರು ಊರು ಬಿಟ್ಟು ದೂರದ ಬಾಬೆಲಿನಲ್ಲಿದ್ದ ಜನ. ಅವರನ್ನು ಸೆರೆಯಾಗಿ ಒಯ್ದಿದ್ದರು, ನಾವು ವೀಸಾ ಮಾಡಿಸಿಕೊಂಡು ಬಂದವರು, ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಆದರೂ ಪರದೇಶದಲ್ಲಿ ಮನಸ್ಸು ಗಟ್ಟಿಯಾಗುವುದು ಹೇಗೆಂದು ನಿಮಗೆ ಗೊತ್ತು.

ಮಕ್ಕಳಿಗೆ ಇದನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಒಂದು ಕಲ್ಲು, ಒಂದು ಉಂಡೆ ಚಪಾತಿ ಹಿಟ್ಟು ಕೊಡಿ. ಎರಡನ್ನೂ ಬೆರಳಿನಿಂದ ಒತ್ತಲು ಹೇಳಿ. ಗುರುತು ಎಲ್ಲಿ ಮೂಡಿತು? ತಂಗಿ ಅತ್ತದ್ದು ನಿನ್ನ ಮನಸ್ಸಿನಲ್ಲಿ ಗುರುತು ಮೂಡಿಸಿತಾ ಎಂದು ಆಮೇಲೆ ಕೇಳಿ. ‘ಕಲ್ಲು ಮನಸ್ಸು’, ‘ಮನಸ್ಸು ಕರಗಿತು’ ಎಂಬ ಮಾತುಗಳು ಅವತ್ತೇ ಮಗುವಿನವಾಗುತ್ತವೆ.

ಇನ್ನೊಂದು ಪದ ‘ಪಶ್ಚಾತ್ತಾಪ’. ಚರ್ಚಿನಲ್ಲಿ ಕೇಳುತ್ತೇವೆ, ಮನೆಯಲ್ಲಿ ಬಿಡಿಸಿ ಹೇಳುವುದು ಕಡಿಮೆ. ಆಮೇಲೆ ಆಗುವ ಸುಡು, ಬೇಗೆ ಎಂದು ಅದರ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆಟನೋಯಾ’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಮನಸ್ಸೇ ಬದಲಾಗುವುದು. ಕನ್ನಡ ಬೈಬಲ್ ಓದುವವರಿಗೆ ‘ತಿರುಗಿಕೊಳ್ಳುವುದು’ ಎಂಬ ಬಳಕೆ ಪರಿಚಿತ. ತಪ್ಪು ದಾರಿಯಲ್ಲಿ ನಿಂತು ಅಳುವುದಷ್ಟೇ ಸಾಲದು, ತಿರುಗಿ ನಡೆಯಬೇಕು.

ಇದಕ್ಕೆ ಮಕ್ಕಳ ಮೆಚ್ಚಿನ ಕಥೆಯೇ ಇದೆ, ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನದು. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಹಣವಂತ, ಗಿಡ್ಡ ಆಸಾಮಿ. ಯೇಸುವನ್ನು ನೋಡಲು ಮರ ಹತ್ತಿ ಕೂತವನು. ಕಥೆ ಹೇಳುವಾಗ ಎರಡು ಸಂಗತಿ ಗಮನಿಸಿ. ಜಕ್ಕಾಯ ಎಲ್ಲೂ ‘ಸಾರಿ’ ಅನ್ನುವುದಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಅನ್ನುತ್ತಾನೆ. ಎರಡನೆಯದು ಇನ್ನೂ ಮುಖ್ಯ: ಅವನು ಬದಲಾದ ಮೇಲೆ ಯೇಸು ಅವನ ಮನೆಗೆ ಬರಲಿಲ್ಲ. ಮೊದಲು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಎಂದ. ಮನಸ್ಸು ತಿರುಗಿದ್ದು ಆಮೇಲೆ.

ಕ್ರೈಸ್ತ ನಂಬಿಕೆಯ ತಿರುಳು ಇಲ್ಲಿದೆ. ಹೊಸ ಹೃದಯವನ್ನು ನಾವೇ ಕಷ್ಟಪಟ್ಟು ಮಾಡಿಕೊಳ್ಳುವುದಲ್ಲ. 51ನೇ ಕೀರ್ತನೆಯಲ್ಲಿ ಶುದ್ಧ ಹೃದಯಕ್ಕಾಗಿ ಬೇಡುವಾಗ ಬಳಸಿರುವ ಹೀಬ್ರೂ ಕ್ರಿಯಾಪದ, ದೇವರು ಆಕಾಶ ಭೂಮಿಗಳನ್ನು ಸೃಷ್ಟಿಸಿದ ಎನ್ನುವಲ್ಲಿರುವುದೇ. ರಿಪೇರಿಯಲ್ಲ, ಸೃಷ್ಟಿ. ಅದನ್ನು ಕೇಳಿ ಪಡೆಯುವುದು. ಮನೆಯಲ್ಲಿ ಇದರ ಅರ್ಥವೇನು? “ಸಾರಿ ಹೇಳಿದರೆ ಮಾತ್ರ ಮಾತಾಡಿಸ್ತೀನಿ” ಎಂಬ ಷರತ್ತು ಬಿಟ್ಟು, ಮೊದಲು ಮಗುವನ್ನು ಹತ್ತಿರ ಕೂರಿಸಿಕೊಳ್ಳುವುದು. ಆಮೇಲೆ, “ಮುರಿದದ್ದನ್ನು ಈಗ ಹೇಗೆ ಸರಿಮಾಡೋಣ?” ಎಂದು ಕೇಳುವುದು. ತಪ್ಪು ತಪ್ಪೇ, ಆದರೆ ಪ್ರೀತಿ ಅದಕ್ಕೆ ಕಾಯುವುದಿಲ್ಲ ಎಂದು ಮಗುವಿಗೆ ಗೊತ್ತಾಗಲಿ.

ಕೊನೆಗೆ ಭಾಷೆಯ ಮಾತು. ಹೊರದೇಶದ ಬಹಳಷ್ಟು ಮನೆಗಳಲ್ಲಿ ಕನ್ನಡ ಆಜ್ಞೆಯ ಭಾಷೆಯಾಗಿ ಉಳಿದಿದೆ: ಏಳು, ಹಲ್ಲುಜ್ಜು, ಬೇಗ ತಿನ್ನು, ಗಲಾಟೆ ಮಾಡಬೇಡ. ಮನಸ್ಸಿನ ಮಾತೆಲ್ಲ ಇಂಗ್ಲಿಷಿಗೆ ಹೋಗಿದೆ. ಹಾಗಾದಾಗ ಮಗುವಿಗೆ ಕನ್ನಡ ಅಂದರೆ ಗದರಿಕೆ ಎನಿಸುತ್ತದೆ. ಅದಕ್ಕೇ ರಾತ್ರಿ ದೀಪ ಆರಿಸುವ ಮೊದಲು ಐದು ನಿಮಿಷ ಕನ್ನಡಕ್ಕೆ ಕೊಡಿ. ಇವತ್ತು ಯಾವಾಗ ಮನಸ್ಸು ಗಟ್ಟಿಯಾಯಿತು, ಯಾವಾಗ ಕರಗಿತು, ನಾಳೆ ಯಾರ ಹತ್ತಿರ ಹೋಗಿ ಸರಿಮಾಡಿಕೊಳ್ಳಬೇಕು? ಮೊದಲು ಅಪ್ಪ ಅಮ್ಮ ಉತ್ತರ ಹೇಳಲಿ. ದೊಡ್ಡವರೂ ತಿರುಗಿಕೊಳ್ಳುತ್ತಾರೆ ಎಂದು ಮಕ್ಕಳು ಕಿವಿಯಾರೆ ಕೇಳಬೇಕು.

ಪ್ರಾರ್ಥನೆಗೆ ಗ್ರಂಥದ ಭಾಷೆಯೇ ಬೇಕಿಲ್ಲ. “ದೇವರೇ, ನನ್ನ ಮನಸ್ಸು ಕಲ್ಲಾಗಿತ್ತು, ಮೆತ್ತಗೆ ಮಾಡು” ಅಂದರೆ ಸಾಕು. ನಡುವೆ ಎರಡು ಇಂಗ್ಲಿಷ್ ಪದ ಬಂದರೆ ಬರಲಿ. ಮಗು ಪ್ರಾರ್ಥಿಸುವಾಗ ಮಾತ್ರ ವ್ಯಾಕರಣ ತಿದ್ದಬೇಡಿ.