ಹಳೆ ಒಲೆಯೊಳಗಿನ ಬಿಳಿ ಪುಡಿ: ಗೊತ್ತಿಲ್ಲದೆ ಕೈ ಹಾಕಬೇಡಿ

ಹೋದ ತಿಂಗಳು ಮಲೆನಾಡಿನ ಯುವ ರೈತರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದರು. ಹಳೆ ಎಸ್ಟೇಟ್ ಬಂಗಲೆಯಿಂದ ಗುಜರಿಗೆ ಬಂದ ಎರಕದ ಕಬ್ಬಿಣದ ದೊಡ್ಡ ಒಲೆ. ಹಿಂದಿನ ತಗಡು ಬಿಚ್ಚಿದ್ದಕ್ಕೆ ಒಳಗಿಂದ ಎರಡು ಬುಟ್ಟಿಯಷ್ಟು ಬಿಳಿ ಪುಡಿ ಸುರಿದಿತ್ತು. ಕೆಳಗೆ ಪ್ರಶ್ನೆ: “ಸರ್, ಇದು ಡಯಾಟಮ್ ಮಣ್ಣಂತೆ, ವಿಡಿಯೊದಲ್ಲಿ ನೋಡ್ದೆ. ಕೋಳಿಹೇನಿಗೆ ಹಾಕ್ಬಹುದಾ? ಕಾಳಿಗೆ ಬೆರೆಸ್ಬಹುದಾ?”

ನಾನು ಕೂಡಲೇ ಫೋನ್ ಮಾಡಿದೆ. “ಗುಡಿಸ್ಬೇಡಿ. ಮೆಲ್ಲಗೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹೊದಿಸಿ, ಮಕ್ಕಳನ್ನ ಆ ಕಡೆ ಬಿಡಬೇಡಿ” ಅಂದೆ. ಅವರಿಗೆ ಬೇಜಾರಾಯಿತು. ಪುಕ್ಕಟೆ ಸಿಕ್ಕ ಮಾಲು ಅಲ್ವಾ? ಆದರೆ ಆ ಪುಡಿಯ ಹಿಂದೆ ಒಂದು ಕಥೆ ಇದೆ, ಎಲ್ಲರಿಗೂ ಹೇಳಲೇಬೇಕು ಅನ್ನಿಸಿತು.

ಈ ಜಾತಿಯ ಒಲೆಗಳಲ್ಲಿ ಹೆಸರುವಾಸಿಯಾದದ್ದು ಸ್ವೀಡನ್ನಿನ ಆಗಾ. ಮಾಡಿದವರು ಗುಸ್ತಾಫ್ ಡಾಲೆನ್. 1912ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು, ಅದೇ ವರ್ಷ ಅಸಿಟಿಲಿನ್ ಗ್ಯಾಸಿನ ಪ್ರಯೋಗದಲ್ಲಿ ಸ್ಫೋಟವಾಗಿ ಎರಡೂ ಕಣ್ಣು ಹೋದವು. ಮನೆಯಲ್ಲಿದ್ದಾಗ ಹೆಂಡತಿ ಒಲೆ ಮುಂದೆ ಪಡುವ ಪಾಡು ಗಮನಕ್ಕೆ ಬಂದು, 1922ರಲ್ಲಿ ಈ ಒಲೆ ರೂಪಿಸಿದರು. ಮುಂದೆ ಅದು ಬ್ರಿಟನ್ನಿನ ಹಳ್ಳಿಮನೆಗಳ ಅಡುಗೆಮನೆಗೆ ಹೋಗಿ ತಳವೂರಿತು.

ಅದರ ಗುಟ್ಟು ಇಷ್ಟೇ. ಸಣ್ಣ ಬೆಂಕಿ ಹಗಲೂ ರಾತ್ರಿ ಉರಿಯುತ್ತೆ. ಆ ಶಾಖವನ್ನು ದಪ್ಪ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತೆ. ಶಾಖ ಹೊರಗೆ ಸೋರದ ಹಾಗೆ ಸುತ್ತ ಪುಡಿ ತುಂಬಿರುತ್ತೆ. ಹಳೆಯ ಆಗಾಗಳಲ್ಲಿ ಆ ಪುಡಿ ಡಯಾಟಮ್ ಮಣ್ಣು, ಅಂದರೆ ನೀರಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಗಳ ಸಿಲಿಕಾ ಚಿಪ್ಪು. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಡೈನಮೈಟ್ ಮಾಡಿದ್ದೂ ಇದೇ ಮಣ್ಣಿಗೆ ನೈಟ್ರೊಗ್ಲಿಸರಿನ್ ಹೀರಿಸಿ. ಚಿಪ್ಪುಗಳ ಸಂದಿಯಲ್ಲಿ ಗಾಳಿ ಅಲ್ಲಾಡದೆ ನಿಲ್ಲುತ್ತೆ. ಶಾಖ ತಡೆಯೋದು ನಿಜವಾಗಿ ಆ ನಿಂತ ಗಾಳಿ. ಕಂಬಳಿ ನಮ್ಮನ್ನು ಬೆಚ್ಚಗಿಡೋದೂ ಹೀಗೇ.

ವರ್ಷಗಳು ಕಳೆದ ಹಾಗೆ ಪುಡಿ ಕೆಳಗೆ ಇಳಿದು, ಮೇಲೆ ಖಾಲಿ ಜಾಗ ಬೀಳುತ್ತೆ. ಆಗ ಶಾಖ ಸೋರಿ ಉರುವಲು ಜಾಸ್ತಿ ಬೇಕಾಗುತ್ತೆ. ಹಾಗಾಗಿ ರಿಪೇರಿಯವರು ವರ್ಮಿಕ್ಯುಲೈಟ್ ತುಂಬುವುದುಂಟು. ಇದು ನಿಮಗೆ ಗೊತ್ತಿರೋದೇ, ಸಸಿ ಮಾಡೋ ಟ್ರೇಗೆ ಕೊಕೊಪೀಟ್ ಜೊತೆ ಬೆರೆಸ್ತೀರಲ್ಲ, ಅದೇ. ಕಾಯಿಸಿದಾಗ ಜೋಳದ ಅರಳಿನಂತೆ ಉಬ್ಬುವ ಖನಿಜ.

ಹಾಗಾದರೆ ಹೆದರಿಕೆ ಯಾಕೆ? ಕಾರಣ ಎರಡು.

ಮೊದಲನೆಯದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆ ಕಾಲದ ಕೆಲವು ಒಲೆಗಳಲ್ಲಿ ಬಾಗಿಲಿನ ಹಗ್ಗ, ಹಲಗೆ, ಸಂದು ಮುಚ್ಚುವ ಗಾರೆಯಲ್ಲಿ ಇದನ್ನು ಬಳಸುತ್ತಿದ್ದರು. ಇದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶದಲ್ಲೇ ಕೂರುತ್ತವೆ, ಹತ್ತಾರು ವರ್ಷ ಬಿಟ್ಟು ಕ್ಯಾನ್ಸರ್ ತರಬಹುದು. ಬ್ರಿಟನ್ 1999ರಲ್ಲಿ ಇದನ್ನು ಪೂರ್ತಿ ನಿಷೇಧಿಸಿತು. ವರ್ಮಿಕ್ಯುಲೈಟ್ ಅಂದ ಮಾತ್ರಕ್ಕೂ ನಿಶ್ಚಿಂತೆ ಇಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯ ವರ್ಮಿಕ್ಯುಲೈಟ್‌ನಲ್ಲಿ ಕಲ್ನಾರು ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿತು, ಆದರೆ ಊರಿನ ಜನ ಆಮೇಲೂ ಸಾಯುತ್ತಲೇ ಇದ್ದರು.

ಎರಡನೆಯದು ಡಯಾಟಮ್ ಮಣ್ಣಲ್ಲೇ ಇರುವ ಭೇದ. ಕೋಳಿಗೆ, ಕಾಳಿಗೆ ಅಂತ ಮಾರೋದು ಸುಡದ ಮಣ್ಣು. ಜೋರು ಉರಿಯಲ್ಲಿ ಸುಟ್ಟ ಮಣ್ಣಿನಲ್ಲಿ ಸಿಲಿಕಾ ಹರಳಾಗಿ ಬದಲಾಗಿರುತ್ತೆ. ಅದರ ಧೂಳು ಕಲ್ಲುಕ್ವಾರಿ ಕೂಲಿಗಳಿಗೆ ಬರುವ ಸಿಲಿಕೋಸಿಸ್ ತರುವಂಥದ್ದು. ನೋಡೋಕೆ ಎಲ್ಲಾ ಬೆಳ್ಳಗೇ. ಮೊಬೈಲ್ ಕ್ಯಾಮೆರಾಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಲ್ಯಾಬ್ ಪರೀಕ್ಷೆಯಿಂದ ಮಾತ್ರ ಗೊತ್ತಾಗೋದು.

“ನಮ್ಮಜ್ಜ ಆಸ್ಬೆಸ್ಟಾಸ್ ಶೀಟಿನ ಕೆಳಗೇ ಬದುಕಿದ್ರು, ಏನಾಯ್ತು?” ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಗಟ್ಟಿಯಾಗಿರೋ ಶೀಟು ಸುಮ್ಮನೆ ಮೇಲಿದ್ದರೆ ಅಪಾಯ ಕಡಿಮೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಎಳೆ ಹಾರುತ್ತೆ. ನಮ್ಮ ದೇಶದಲ್ಲಿ 1986ರಿಂದ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡೋದು ನಿಂತಿದೆ. ಆದರೂ ಹೊರದೇಶದಿಂದ ತರಿಸಿ ಶೀಟು ಮಾಡ್ತಾನೇ ಇದ್ದಾರೆ. ಕೊಟ್ಟಿಗೆ ಮೇಲಿನ ಶೀಟು ಗರಗಸದಲ್ಲಿ ಕುಯ್ಯೋ ಹುಡುಗನಿಗೆ ಇವತ್ತು ಏನೂ ಆಗಲ್ಲ. ಆಗೋದಿದ್ದರೆ ಅವನ ಮಕ್ಕಳು ಕಾಲೇಜಿಗೆ ಹೋಗೋ ಹೊತ್ತಿಗೆ. ಅದಕ್ಕೇ ಈ ಅಪಾಯವನ್ನ ಯಾರೂ ನಂಬಲ್ಲ.

ಹಾಗಂತ ಶಾಖ ತಡೆಯೋ ಪದರವೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಅದರ ಬಗ್ಗೆ ಯೋಚನೆಯೇ ಇಲ್ಲ ಅನ್ನೋದು ನನ್ನ ತಕರಾರು. ಅಡಿಕೆ ಬೇಯಿಸೋ ಒಲೆ, ಬಚ್ಚಲ ಹಂಡೆ ಒಲೆ, ಡ್ರೈಯರ್ ಕಟ್ಟಿಸುವಾಗ ತಗಡು ಎಷ್ಟು ದಪ್ಪ, ಚಿಮಣಿ ಎಷ್ಟು ಎತ್ತರ ಅಂತ ಕೇಳ್ತೀವಿ. “ಗೋಡೆಯೊಳಗೆ ಏನು ತುಂಬ್ತೀರಿ?” ಅಂತ ಯಾರೂ ಕೇಳಲ್ಲ. ಗೋಡೆ ಮುಟ್ಟೋಕಾಗದಷ್ಟು ಬಿಸಿ ಇದ್ದರೆ ನಿಮ್ಮ ಸೌದೆ ಅಡಿಕೆಗಲ್ಲ, ಗಾಳಿಗೆ ಉರಿಯುತ್ತಿದೆ ಅಂತ ಅರ್ಥ.

ಇದಕ್ಕೆ ಸ್ವೀಡನ್ನಿನ ಮಣ್ಣೇ ಬೇಕಿಲ್ಲ. ಅಕ್ಕಿ ಗಿರಣಿ ಹತ್ತಿರ ಭತ್ತದ ಹೊಟ್ಟಿನ ಬೂದಿ ಸಿಗುತ್ತೆ. ಅದರಲ್ಲೂ ಇರೋದು ಹೆಚ್ಚಾಗಿ ಸಿಲಿಕಾನೇ, ಹಗುರ, ಮತ್ತೆ ಉರಿಯಲ್ಲ. ಎರಡು ಇಟ್ಟಿಗೆ ಗೋಡೆಯ ನಡುವೆ ತುಂಬಿ ಮೇಲೆ ಗಾರೆಯಿಂದ ಮುಚ್ಚಿಬಿಡಿ. ಒದ್ದೆ ಆಗಬಾರದು, ಆದರೆ ಗಾಳಿಯ ಜಾಗದಲ್ಲಿ ನೀರು ಕೂತು ಶಾಖ ಸೋರುತ್ತೆ. ಇದರ ಧೂಳೂ ಒಳ್ಳೇದಲ್ಲ, ತುಂಬುವಾಗ ಎನ್95 ಮಾಸ್ಕ್ ಇರಲಿ.

ಹಳೆ ಒಲೆ, ಬಾಯ್ಲರ್, ಡ್ರೈಯರ್ ಕೈಗೆ ಬಂದರೆ ಇಷ್ಟು ನೆನಪಿಡಿ:

• ಏನು ತುಂಬಿದೆ ಅಂತ ಗೊತ್ತಾಗೋವರೆಗೆ ಬಿಚ್ಚಬೇಡಿ, ಬಡಿಯಬೇಡಿ.
• ಆಗಲೇ ಸುರಿದಿದ್ದರೆ ಒಣದಾಗಿ ಗುಡಿಸಬೇಡಿ, ಫ್ಯಾನ್ ಹಾಕಬೇಡಿ. ನೀರು ಚಿಮುಕಿಸಿ, ಮುಚ್ಚಿ.
• ಬಟ್ಟೆ ಮಾಸ್ಕ್ ಕಲ್ನಾರಿನ ಎಳೆ ತಡೆಯಲ್ಲ.
• ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಮೊದಲು ಫೋನ್ ಮಾಡಿ. ಮಾದರಿ ಹೇಗೆ ತೆಗೆಯಬೇಕು ಅಂತ ಅವರೇ ಹೇಳಲಿ.
• ಆ ಪುಡಿ ಕೋಳಿ, ಕಾಳು, ಗಿಡ ಯಾವುದಕ್ಕೂ ಬೇಡ.

ಆ ಮಿತ್ರರು ಪುಡಿ ಮುಚ್ಚಿಟ್ಟು ಪರೀಕ್ಷೆಗೆ ವ್ಯವಸ್ಥೆ ಮಾಡ್ತಿದ್ದಾರೆ. ಕೋಳಿಗಳಿಗೆ ಹಿತ್ತಲಲ್ಲಿ ಗುಂಡಿ ತೋಡಿ ಸೌದೆ ಒಲೆಯ ಬೂದಿ ಹಾಕಿ ಅಂದೆ. ಅವರ ಅಜ್ಜಿ ಮಾಡ್ತಿದ್ದುದೂ ಅದೇ ಅಂತೆ. ಇನ್ನು ಆ ಕಬ್ಬಿಣದ ಒಲೆ, ಫಲಿತಾಂಶ ಬರಲಿ, ಆಮೇಲೆ ಹಚ್ಚಿದರಾಯ್ತು. ಒಲೆ ಎಲ್ಲಿಗೂ ಓಡಿಹೋಗಲ್ಲ.